ಮರಳಿಗೆ ಯಾವ ಕಾಲು, ಕೆಸರಿಗೆ ಯಾವ ಕಾಲು? ನಡೆಯುವ ರೋಬೋಟ್ ಆರಿಸುವವರಿಗೆ

ಕಾಲಿರುವ ರೋಬೋಟ್ ಕೊಳ್ಳಬೇಕು ಅಥವಾ ಕಟ್ಟಬೇಕು ಅಂತ ಹೊರಟವರು ಮೊದಲು ವಿಚಾರಿಸುವುದು ಎಷ್ಟು ಭಾರ ಹೊರುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಮೆಟ್ಟಿಲು ಹತ್ತುತ್ತದಾ ಅಂತ. ಇವೆಲ್ಲ ಗಟ್ಟಿ ನೆಲದ ಪ್ರಶ್ನೆಗಳು. ನಿಮ್ಮ ಕೆಲಸ ಸಮುದ್ರದ ದಂಡೆಯಲ್ಲೋ, ನಾಟಿ ಗದ್ದೆಯಲ್ಲೋ, ಬತ್ತಿದ ಕೆರೆಯ ಹೂಳಿನಲ್ಲೋ ಇದ್ದರೆ ಮೊದಲು ಕೇಳಬೇಕಾದ್ದು ಬೇರೆ: ನನ್ನ ನೆಲ ಹೇಗೆ ಕುಸಿಯುತ್ತದೆ? ಒಣ ಮರಳು ಕುಸಿಯುವ ರೀತಿ ಒಂದು, ಕೆಸರಿನದು ಇನ್ನೊಂದು. ಮೇಲೆ ಗಟ್ಟಿ ಪದರ, ಒಳಗೆ ಪುಡಿ ಇರುವ ನೆಲದ್ದು ಮತ್ತೊಂದು. ಒಂದಕ್ಕೆ ಒಗ್ಗಿದ ಕಾಲು ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ಮೋಟಾರ್ ಎಷ್ಟು ಬಲವಾಗಿದೆ ಅನ್ನುವುದಕ್ಕಿಂತ ಪಾದದ ಆಕಾರ ಹೇಗಿದೆ, ಅದು ಯಾವ ಗತಿಯಲ್ಲಿ ನೆಲ ಮುಟ್ಟಿ ಬಿಡುತ್ತದೆ ಅನ್ನುವುದೇ ಇಲ್ಲಿ ಫಲಿತಾಂಶ ನಿರ್ಧರಿಸುತ್ತದೆ. ಅದಕ್ಕೇ ರೋಬೋಟ್‌ಗಳ ಹೆಸರಿಗೆ ಹೋಗುವ ಮೊದಲು ನೆಲದ ಬಗ್ಗೆ ಮಾತಾಡೋಣ.

ಚಕ್ರವೇ ಸಾಕಲ್ವಾ?

ಎಷ್ಟೋ ಕಡೆ ಸಾಕು. ಚಕ್ರದಿಂದ ಕೆಲಸ ಆಗುವ ಕಡೆ ಕಾಲಿನ ಗೊಡವೆಗೆ ಹೋಗಬೇಡಿ. ಚಕ್ರ ಅಗ್ಗ, ಸರಳ, ಬ್ಯಾಟರಿಯೂ ಕಡಿಮೆ ಬೇಕು. ತೊಂದರೆ ಬರುವುದು ಚಕ್ರ ಜಾರತೊಡಗಿದಾಗ. ಜಾರುವ ಚಕ್ರ ತನ್ನ ಕೆಳಗಿನ ಮಣ್ಣನ್ನು ತಾನೇ ತೋಡಿ ಹಿಂದಕ್ಕೆ ಹಾಕುತ್ತದೆ, ಇನ್ನಷ್ಟು ತಿರುಗಿಸಿದರೆ ಇನ್ನಷ್ಟು ಹೂತುಹೋಗುತ್ತದೆ. ಮಂಗಳ ಗ್ರಹದ ಮೇಲೆ ನಾಸಾದ ಸ್ಪಿರಿಟ್ ಬಂಡಿಗೆ 2009ರ ಮೇ ತಿಂಗಳಲ್ಲಿ ಆದದ್ದು ಇದೇ. ಮೇಲಿನ ತೆಳು ಪದರ ಒಡೆದು ಅದರ ಚಕ್ರಗಳು ಒಳಗಿದ್ದ ಸಡಿಲ ಮಣ್ಣಿಗೆ ಇಳಿದವು. ತಿಂಗಳುಗಟ್ಟಲೆ ಪ್ರಯತ್ನ ನಡೆಯಿತು. 2010ರ ಜನವರಿಯಲ್ಲಿ, ಇನ್ನು ಇದು ಕದಲುವುದಿಲ್ಲ, ನಿಂತಲ್ಲೇ ಕೆಲಸ ಮಾಡಲಿ ಅಂತ ನಾಸಾ ಘೋಷಿಸಿತು. ಮಾರ್ಚ್ ನಂತರ ಅದರಿಂದ ಯಾವ ಸಂದೇಶವೂ ಬರಲಿಲ್ಲ.

ಭತ್ತದ ಗದ್ದೆಯಲ್ಲಿ ಪವರ್ ಟಿಲ್ಲರ್ ಓಡಿಸಿದವರಿಗೆ ಈ ಸಮಸ್ಯೆ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಕೆಸರಿಗೆ ಇಳಿಯುವ ಮೊದಲು ಟಯರ್ ಬಿಚ್ಚಿ ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ. ಅದರ ಪಟ್ಟಿಗಳು ಒಂದೊಂದಾಗಿ ಕೆಸರಿಗೆ ಇಳಿಯುತ್ತವೆ, ಹಿಂದಕ್ಕೆ ಒತ್ತುತ್ತವೆ, ಮೇಲೆದ್ದು ಬರುತ್ತವೆ. ಉರುಳುವುದರ ಜೊತೆಗೆ ಒಂದಿಷ್ಟು ನಡೆಯುವ ಚಕ್ರ ಅದು. ಕಾಲು ಇದರಿಂದ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಯಾಕೆಂದರೆ ಪ್ರತಿ ಸಲವೂ ಯಾರೂ ತುಳಿಯದ ಹೊಸ ಜಾಗದಲ್ಲಿ ಊರಬಹುದು, ನಡುವಿನ ಕೆಟ್ಟ ಜಾಗವನ್ನು ಮುಟ್ಟದೆ ದಾಟಬಹುದು, ಹೂತರೆ ಬಂದ ದಾರಿಯಲ್ಲೇ ಮೇಲಕ್ಕೆ ಎಳೆದುಕೊಳ್ಳಬಹುದು.

ಇದಕ್ಕೆ ಬೆಲೆ ತೆರಬೇಕು. 1998ರಲ್ಲಿ ಬೆಲ್ಜಿಯಂನ ಸಂಶೋಧಕರು ಅಳೆದ ಪ್ರಕಾರ, ಮನುಷ್ಯರಿಗೇ ಮರಳಿನ ಮೇಲೆ ನಡೆಯಲು ಗಟ್ಟಿ ನೆಲಕ್ಕಿಂತ 2.1ರಿಂದ 2.7 ಪಟ್ಟು ಶಕ್ತಿ ಬೇಕು. ಕಾಲು ಒತ್ತಿದ ಶಕ್ತಿಯಲ್ಲಿ ಒಂದು ಪಾಲು ಮರಳನ್ನು ಸರಿಸುವುದರಲ್ಲೇ ಹೋಗುತ್ತದೆ, ಅದು ತಿರುಗಿ ಬರುವುದಿಲ್ಲ. ಹಾಗಾಗಿ ಕಂಪನಿಯವರು ಬ್ಯಾಟರಿ ಇಷ್ಟು ಗಂಟೆ ಬರುತ್ತದೆ ಅಂತ ಹೇಳಿದರೆ ಮರಳಿಗೆ ಅದರ ಅರ್ಧವನ್ನೂ ನೆಚ್ಚಿಕೊಳ್ಳಬೇಡಿ.

ನೆಲ ಕುಸಿಯುವ ಬಗೆ

ಒಣ ಮರಳು ವಿಚಿತ್ರ ವಸ್ತು. ಒತ್ತಡ ಒಂದು ಮಿತಿಯೊಳಗೆ ಇರುವವರೆಗೆ ಅದು ಗಟ್ಟಿ ಪದಾರ್ಥ, ಮಿತಿ ದಾಟಿದ ಕ್ಷಣ ದ್ರವದ ಥರ ಹರಿಯುತ್ತದೆ, ಒತ್ತಡ ಇಳಿದರೆ ಮತ್ತೆ ಗಟ್ಟಿ. ಪಾದ ಆಳಕ್ಕೆ ಇಳಿದಷ್ಟೂ ತಡೆ ಜಾಸ್ತಿಯಾಗುತ್ತದೆ, ಕೊನೆಗೆ ಎಲ್ಲೋ ಒಂದು ಕಡೆ ಭಾರ ಮತ್ತು ತಡೆ ಸಮವಾಗಿ ಪಾದ ನಿಲ್ಲುತ್ತದೆ. ಇಲ್ಲಿ ಕಾಲನ್ನು ಮೇಲೆತ್ತುವುದು ಸುಲಭ. ಒತ್ತಿ ತಳ್ಳುವಾಗ ಮರಳು ಹಿಂದಕ್ಕೆ ಜರಿಯುವುದೇ ಕಷ್ಟ.

ಸ್ವಲ್ಪ ಒದ್ದೆಯಾದ ಮರಳು ಇದಕ್ಕಿಂತ ಎಷ್ಟೋ ಗಟ್ಟಿ. ಕಣಗಳ ನಡುವಿನ ನೀರಿನ ತೆಳು ಸೇತುವೆಗಳು ಅವನ್ನು ಹಿಡಿದು ನಿಲ್ಲಿಸುತ್ತವೆ. ಕಡಲ ದಂಡೆಯಲ್ಲಿ ನೀರಿನ ಅಂಚಿಗೆ ನಡೆದರೆ ಕಾಲು ಹೂಳುವುದಿಲ್ಲ, ನಾಲ್ಕು ಮಾರು ಮೇಲೆ ಹೋದರೆ ಹೂಳುತ್ತದೆ, ಅಲ್ವಾ? ಅದೇ ಮರಳಿನ ಸಂದುಗಳಲ್ಲಿ ಪೂರ್ತಿ ನೀರು ತುಂಬಿದ್ದು, ಅದನ್ನು ಅಲುಗಾಡಿಸಿದರೆ, ಭಾರ ಕಣಗಳಿಂದ ನೀರಿಗೆ ಹೋಗಿಬಿಡುತ್ತದೆ. ಆಗ ಅದು ಹೊರುವುದಿಲ್ಲ. ಅಂದರೆ ಒಂದೇ ದಂಡೆಯಲ್ಲಿ ಕೆಲವು ಮೀಟರ್ ಅಂತರದಲ್ಲಿ ಮೂರು ಬೇರೆ ಬೇರೆ ನೆಲ ಇರುತ್ತವೆ.

ಕೆಸರಿನ ಕಥೆ ಪೂರ್ತಿ ಬೇರೆ. ಜೇಡಿ ಮಣ್ಣಿನ ಕಣಗಳು ತೀರಾ ಸಣ್ಣವು, ನೀರನ್ನು ಹಿಡಿದುಕೊಳ್ಳುತ್ತವೆ, ಒಂದಕ್ಕೊಂದು ಅಂಟುತ್ತವೆ. ಇಳಿಯುವುದು ಮಾತ್ರವಲ್ಲ, ಹೊರಗೆ ಬರುವುದೂ ಕಷ್ಟ. ಪಾದ ಎತ್ತುವಾಗ ಅದರ ಕೆಳಗೆ ಗಾಳಿ ನುಗ್ಗಲು ದಾರಿ ಇರುವುದಿಲ್ಲ, ಹಾಗಾಗಿ ಕೆಳಗೆ ಒತ್ತಡ ಇಳಿದು ಕೆಸರು ಪಾದವನ್ನು ಹೀರಿ ಹಿಡಿದ ಹಾಗಾಗುತ್ತದೆ. ಮೇಲಿಂದ ಅಂಟಿಕೊಂಡ ಮಣ್ಣಿನ ಭಾರ ಬೇರೆ. ಜೊತೆಗೆ ಎಷ್ಟೋ ಬಗೆಯ ಕೆಸರು ಕಲಕಿದಷ್ಟೂ ತೆಳುವಾಗುತ್ತದೆ, ಬಿಟ್ಟರೆ ನಿಧಾನಕ್ಕೆ ಬಿಗಿಯುತ್ತದೆ. ಒಂದೇ ಕಡೆ ಕಾಲು ಬಡಿಯುತ್ತಾ ನಿಂತ ರೋಬೋಟ್ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಪದರದ ನೆಲ, ಅಂದರೆ ಮೇಲೆ ಒಣಗಿ ಗಟ್ಟಿಯಾಗಿ ಒಳಗೆ ಮೆತ್ತಗಿರುವುದು, ಎಲ್ಲಕ್ಕಿಂತ ಮೋಸದ್ದು. ಕ್ಯಾಮೆರಾಗೆ ಗಟ್ಟಿ ನೆಲ ಕಾಣುತ್ತದೆ. ಸ್ಪಿರಿಟ್ ಸಿಕ್ಕಿಬಿದ್ದದ್ದೂ ಇಂಥದ್ದರಲ್ಲೇ. ಬೇಸಿಗೆಯಲ್ಲಿ ಬತ್ತುತ್ತಿರುವ ಕೆರೆಗಳ ಅಂಗಳವೂ ಹೀಗೇ ಇರುತ್ತದೆ.

ಪಾದ ಎಷ್ಟು ಅಗಲ ಇರಬೇಕು?

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 12 ಕೆಜಿ ತೂಕದ ನಾಲ್ಕು ಕಾಲಿನ ರೋಬೋಟ್, ಒಂದು ಹೊತ್ತಿಗೆ ಎರಡು ಕಾಲು ನೆಲದ ಮೇಲೆ. ಅಂದರೆ ಒಂದು ಕಾಲಿಗೆ 6 ಕೆಜಿ. ಸಡಿಲ ಮರಳು ಒಂದು ಚದರ ಸೆಂ.ಮೀ. ಪಾದಕ್ಕೆ, ಒಂದು ಸೆಂ.ಮೀ. ಆಳಕ್ಕೆ 50 ಗ್ರಾಂ ತಡೆ ಕೊಡುತ್ತದೆ ಅಂತ ಇಟ್ಟುಕೊಳ್ಳಿ (ಇದು ಲೆಕ್ಕಕ್ಕೆ ಹಿಡಿದ ಅಂಕಿ, ನಿಮ್ಮ ಮರಳಿನದು ನೀವೇ ಅಳೆಯಬೇಕು). ಪಾದದ ಅಡ್ಡಳತೆ 4 ಸೆಂ.ಮೀ. ಆದರೆ ವಿಸ್ತೀರ್ಣ ಸುಮಾರು 12.5 ಚದರ ಸೆಂ.ಮೀ., ಇಳಿಯುವ ಆಳ ಸುಮಾರು 9.6 ಸೆಂ.ಮೀ. ಅಡ್ಡಳತೆ 8 ಸೆಂ.ಮೀ. ಮಾಡಿದರೆ ಆಳ 2.4 ಸೆಂ.ಮೀ. ಅಡ್ಡಳತೆ ಎರಡರಷ್ಟು ಮಾಡಿದ್ದಕ್ಕೆ ಆಳ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು.

ಸುಮಾರು 10 ಸೆಂ.ಮೀ. ಹೂತ ಕಾಲನ್ನು ಹೊರಗೆ ತಂದು ಮುಂದಕ್ಕೆ ಹಾಕಬೇಕು ಅಂದರೆ ಅದಕ್ಕಿಂತ ಹೆಚ್ಚು ಎತ್ತರಕ್ಕೆ ಎತ್ತಬೇಕು. ಈ ಗಾತ್ರದ ರೋಬೋಟ್‌ಗಳ ಮಾಮೂಲಿ ನಡಿಗೆಯಲ್ಲಿ ಅಷ್ಟು ಎತ್ತುವುದಿಲ್ಲ. ಕಾಲು ಗುಂಡಿಯ ಗೋಡೆಗೆ ತಾಗುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಅಲ್ಲಿಗೆ ಮುಗಿಯಿತು. ಇನ್ನೂ ಒಂದಿದೆ, ಇದು ನಿಂತ ಭಾರದ ಲೆಕ್ಕ. ಓಡುವಾಗ ಕಾಲಿನ ಮೇಲೆ ಬೀಳುವ ಬಲ ಇದರ ಎರಡರಷ್ಟೂ ಆಗಬಹುದು.

ಹಾಗಾದರೆ ಓಡಿದರೆ ಹೆಚ್ಚು ಹೂಳುತ್ತದಾ? ಯಾವಾಗಲೂ ಅಲ್ಲ. ಪಾದ ರಭಸದಿಂದ ಇಳಿದರೆ ಅದರ ಕೆಳಗಿನ ಮರಳಿನ ಒಂದು ಗುಡ್ಡೆಯನ್ನೇ ತನ್ನ ಜೊತೆ ಕೆಳಗೆ ತಳ್ಳಬೇಕಾಗುತ್ತದೆ. ಆ ಗುಡ್ಡೆಯ ಜಡತ್ವ ಹೆಚ್ಚುವರಿ ತಡೆ ಕೊಡುತ್ತದೆ. ಮರಳಿನ ಮೇಲೆ ಜಿಗಿಯುವ ಸಣ್ಣ ರೋಬೋಟ್ ಇಟ್ಟುಕೊಂಡು ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದವರು 2016ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಹಾಗಾಗಿ ಮರಳಿನಲ್ಲಿ ಗೆಲ್ಲಲು ಎರಡು ದಾರಿ. ಅಗಲ ಪಾದ ಇಟ್ಟು ನಿಧಾನಕ್ಕೆ ಒತ್ತುವುದು ಒಂದು. ಹಗುರವಾಗಿ ಬಡಿದು ನೆಲ ಪೂರ್ತಿ ಹರಿಯುವ ಮೊದಲೇ ಕಾಲು ಎತ್ತಿಬಿಡುವುದು ಇನ್ನೊಂದು. ಇವೆರಡರ ನಡುವೆ ಅರೆಬರೆ ನಿಂತ ರೋಬೋಟ್‌ಗಳೇ ಹೆಚ್ಚು ಹೂಳುವುದು.

ಸಿ ಆಕಾರದ ಕಾಲು: ಅಗ್ಗ, ಗಟ್ಟಿ, ಆದರೆ ಗತಿ ಸರಿ ಇರಬೇಕು

ಆರ್‌ಹೆಕ್ಸ್ ಅನ್ನುವ ಆರು ಕಾಲಿನ ರೋಬೋಟ್ 2000ದ ಆಸುಪಾಸಿನಲ್ಲಿ ಅಮೆರಿಕ ಮತ್ತು ಕೆನಡಾದ ವಿಶ್ವವಿದ್ಯಾಲಯಗಳು ಸೇರಿ ಮಾಡಿದ್ದು. ಮಂಡಿ ಇಲ್ಲ, ಪಾದ ಇಲ್ಲ. ಒಂದು ಕಾಲಿಗೆ ಒಂದೇ ಮೋಟಾರ್, ಸೊಂಟದಲ್ಲಿ. ಅರ್ಧಚಂದ್ರದ ಥರ ಬಾಗಿದ ಕಾಲು ಪೂರ್ತಿ ಸುತ್ತು ತಿರುಗುತ್ತದೆ, ಮೂರು ಕಾಲು ಊರಿದ್ದಾಗ ಉಳಿದ ಮೂರು ಗಾಳಿಯಲ್ಲಿ. ಕಾಲೇಜು ಹುಡುಗರು ಕಟ್ಟಬಹುದಾದಷ್ಟು ಸರಳ. ಆರು ಮೋಟಾರ್ ಸಾಕು. ನಾಲ್ಕು ಕಾಲಿನ ನಾಯಿ ರೋಬೋಟಿಗೆ ಸಾಮಾನ್ಯವಾಗಿ ಹನ್ನೆರಡು ಬೇಕು.

ಇದರ ಸಣ್ಣ ತಮ್ಮ ಸ್ಯಾಂಡ್‌ಬಾಟ್ ಮೇಲೆ ನಡೆದ ಪ್ರಯೋಗ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸುವುದು. ಚೆನ್ ಲಿ, ಡೇನಿಯಲ್ ಗೋಲ್ಡ್‌ಮನ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ್ದು. ರೋಬೋಟ್ ತೂಕ 2.3 ಕೆಜಿ. ಮರಳಿನ ಬದಲು ಅವರು ಹಾಸಿದ್ದು ಗಸಗಸೆ, ಹೌದು, ನಾವು ಪಾಯಸಕ್ಕೆ ಹಾಕುವ ಗಸಗಸೆಯೇ, ಕಾಳು ಸುಮಾರು 1 ಮಿ.ಮೀ. ಕೆಳಗಿನಿಂದ ಗಾಳಿ ಊದಿ ಆ ಹಾಸನ್ನು ಎಷ್ಟು ಸಡಿಲ ಬೇಕೋ ಅಷ್ಟು ಸಡಿಲ, ಎಷ್ಟು ಬಿಗಿ ಬೇಕೋ ಅಷ್ಟು ಬಿಗಿ ಮಾಡಿಕೊಳ್ಳುತ್ತಿದ್ದರು. ಗಟ್ಟಿ ನೆಲದಲ್ಲಿ ಈ ರೋಬೋಟ್ ಸೆಕೆಂಡಿಗೆ ಸುಮಾರು 60 ಸೆಂ.ಮೀ. ಓಡುತ್ತಿತ್ತು. ಅದೇ ನಡಿಗೆಯಲ್ಲಿ ಗಸಗಸೆಯ ಮೇಲೆ ಬಿಟ್ಟರೆ ವೇಗ ಅದರ ನೂರನೇ ಒಂದು ಭಾಗ, ಹೆಚ್ಚುಕಡಿಮೆ ನಿಂತೇಹೋಯಿತು. ಆಮೇಲೆ ಅವರು ಮೋಟಾರ್ ಬದಲಿಸಲಿಲ್ಲ, ಕಾಲು ಬದಲಿಸಲಿಲ್ಲ. ಒಂದು ಸುತ್ತಿನಲ್ಲಿ ಕಾಲು ಯಾವ ಕೋನದಿಂದ ಯಾವ ಕೋನದವರೆಗೆ ನಿಧಾನಕ್ಕೆ ತಿರುಗಬೇಕು, ಎಲ್ಲಿ ಬೇಗ ತಿರುಗಬೇಕು ಅನ್ನುವುದನ್ನು ಮಾತ್ರ ಹೊಂದಿಸಿದರು. ವೇಗ ಸೆಕೆಂಡಿಗೆ 30 ಸೆಂ.ಮೀ. ತಲುಪಿತು.

ಆದದ್ದು ಇಷ್ಟು. ಕಾಲು ಕಾಳಿನೊಳಗೆ ಇಳಿದು, ತಡೆ ಭಾರಕ್ಕೆ ಸಮವಾದಾಗ ಅದರ ಕೆಳಗಿನ ಕಾಳು ಗಟ್ಟಿಯಾಗಿ ನಿಲ್ಲುತ್ತದೆ, ಆಗ ಮೈ ಆ ಕಾಲಿನ ಮೇಲೆ ಏರಿ ಮುಂದಕ್ಕೆ ಬರುತ್ತದೆ. ಕಾಲನ್ನು ತುಂಬಾ ಬೇಗ ತಿರುಗಿಸಿದರೆ ಆಳ ಜಾಸ್ತಿಯಾಗಿ ಹೆಜ್ಜೆ ಚಿಕ್ಕದಾಗುತ್ತದೆ. ಹೆಜ್ಜೆ ತೀರಾ ಚಿಕ್ಕದಾದರೆ ಆಮೇಲೆ ಊರುವ ಕಾಲು ಮೊದಲು ಊರಿದ್ದು ಕೆದಕಿದ ಗುಂಡಿಗೇ ಬೀಳುತ್ತದೆ. ಅಲ್ಲಿಂದ ಮುಂದೆ ರೋಬೋಟ್ ಹೊಟ್ಟೆಯ ಮೇಲೆ ಮಲಗಿ ಕೈಕಾಲು ಬಡಿಯುತ್ತಾ ತೆವಳುತ್ತದೆ, ನಡೆಯುವುದಿಲ್ಲ. ನಡಿಗೆಗೂ ಈ ತೆವಳಾಟಕ್ಕೂ ನಡುವಿನ ಗೆರೆ ತೀರಾ ತೆಳು. ಹಾಸು ಸ್ವಲ್ಪ ಸಡಿಲವಾದರೆ ಸಾಕು, ಆ ಕಡೆ ಜಾರುತ್ತದೆ. ಜಾಯ್‌ಸ್ಟಿಕ್ ಹಿಡಿದವರು ರೋಬೋಟ್ ನಿಧಾನವಾಯಿತು ಅಂತ ವೇಗ ಹೆಚ್ಚಿಸುತ್ತಾರಲ್ಲ, ಮರಳಿನಲ್ಲಿ ಅದೇ ಅದನ್ನು ಹೂಳುವುದು.

2013ರಲ್ಲಿ ಅದೇ ಗುಂಪು ಇನ್ನೊಂದು ಕೆಲಸ ಮಾಡಿತು. ಕಾಲನ್ನು ಸಣ್ಣ ಸಣ್ಣ ತುಂಡುಗಳಾಗಿ ಎಣಿಸಿ, ಪ್ರತಿ ತುಂಡಿನ ಮೇಲೂ ಅದರ ಆಳ, ಓರೆ, ಚಲಿಸುವ ದಿಕ್ಕು ನೋಡಿ ಬಲ ಲೆಕ್ಕ ಹಾಕಿ, ಎಲ್ಲವನ್ನೂ ಕೂಡಿಸುವ ವಿಧಾನ. ಇದರಿಂದ ಕಾಲಿನ ಆಕಾರವನ್ನು ಕಟ್ಟುವ ಮೊದಲೇ ಕಂಪ್ಯೂಟರ್‌ನಲ್ಲಿ ಹೋಲಿಸಬಹುದು. ಉಬ್ಬು ನೆಲದ ಕಡೆಗಿರುವಂತೆ ತಿರುಗುವ ಸಿ ಕಾಲು, ತಿರುಗುಮುರುಗಾಗಿ ಜೋಡಿಸಿದ ಕಾಲಿಗಿಂತ ಚೆನ್ನಾಗಿ ಓಡುತ್ತದೆ ಅಂತ ಲೆಕ್ಕವೂ ಹೇಳಿತು, ಪ್ರಯೋಗವೂ ತೋರಿಸಿತು. ಕಟ್ಟುವವರು ಈ ವಿಧಾನ ಕಲಿಯಲೇಬೇಕು ಅನ್ನುತ್ತೇನೆ. ಒಂದು ವಾರದ ಓದಿಗೆ ಒಂದು ಸೆಮಿಸ್ಟರ್‌ನ ಕಾಲು ಬದಲಾಯಿಸುವ ಕೆಲಸ ಉಳಿಯುತ್ತದೆ.

ಕೊರತೆಗಳು: ಮೈ ಕುಲುಕುತ್ತದೆ, ಕ್ಯಾಮೆರಾ ಚಿತ್ರ ಅಲುಗುತ್ತದೆ. ಇಂಥದ್ದೇ ಜಾಗದಲ್ಲಿ ಕಾಲಿಡು ಅಂತ ಹೇಳಲು ಬರುವುದಿಲ್ಲ. ಬಳ್ಳಿ, ಹುಲ್ಲು, ಬಲೆಯ ತುಂಡು ಸೊಂಟದ ಶಾಫ್ಟ್‌ಗೆ ಸುತ್ತಿಕೊಳ್ಳುತ್ತದೆ.

ನಾಲ್ಕು ಕಾಲಿನ ನಾಯಿ ರೋಬೋಟ್

ಈಗ ಮಾರುಕಟ್ಟೆಯಲ್ಲಿ ಸುಲಭಕ್ಕೆ ಸಿಗುವುದು ಇದೇ. ಸ್ಪಾಟ್, ಎನಿಮಲ್, ಯೂನಿಟ್ರಿಯ ಬೇರೆ ಬೇರೆ ಮಾದರಿಗಳು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸ್ಟಾಕ್ ಅನ್ನುವ ನಾಲ್ಕು ಕಾಲಿನ ರೋಬೋಟ್ ಬೆಳೆದು ಬಂದಿದೆ, ನಮ್ಮ ವಿದ್ಯಾರ್ಥಿಗಳು ಹತ್ತಿರದಿಂದ ನೋಡಿ ಕಲಿಯಬಹುದಾದದ್ದು. ಇಂಥವುಗಳ ಕಾಲ ತುದಿಯಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ರಬ್ಬರ್ ಉಂಡೆ ಇರುತ್ತದೆ. ಗಟ್ಟಿ ನೆಲಕ್ಕೆ ಅದು ಸರಿ. ಸಡಿಲ ಮರಳಿಗೆ ಮೇಲಿನ ಲೆಕ್ಕವೇ ಉತ್ತರ.

ಆದರೂ ಈ ರೋಬೋಟ್‌ಗಳು ಮೆತ್ತಗಿನ ನೆಲದಲ್ಲಿ ಹತ್ತು ವರ್ಷದ ಹಿಂದೆ ಯಾರೂ ನಂಬದಷ್ಟು ಚೆನ್ನಾಗಿ ನಡೆಯುತ್ತಿವೆ. ಅದರ ಗುಟ್ಟು ಇರುವುದು ಕಲಿಕೆಯಲ್ಲಿ. ಸ್ವಿಟ್ಜರ್‌ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದವರು 2020ರಲ್ಲಿ ಎನಿಮಲ್ ರೋಬೋಟನ್ನು ಕ್ಯಾಮೆರಾ ಇಲ್ಲದೆ, ಬರೀ ಕೀಲು ಮತ್ತು ಮೈಯ ಸಂವೇದನೆಯಿಂದಲೇ, ಕೆಸರು, ಹಿಮ, ಹರಿಯುವ ನೀರು, ಪೊದೆಗಳಲ್ಲಿ ನಡೆಸಿದರು. ಆಶ್ಚರ್ಯ ಅಂದರೆ ಅದು ಕಂಪ್ಯೂಟರ್‌ನೊಳಗೆ ಕಲಿತದ್ದು ಗಟ್ಟಿ ನೆಲದ ಮೇಲೆ ಮಾತ್ರ, ಏರುಪೇರು ಇದ್ದ ಗಟ್ಟಿ ನೆಲ. ಕಾಲು ಎಲ್ಲಾದರೂ ಸಿಕ್ಕಿಕೊಂಡರೆ ಇನ್ನೂ ಮೇಲಕ್ಕೆ ಎತ್ತುವುದು, ಮೈ ವಾಲಿದರೆ ಸರಿಪಡಿಸಿಕೊಳ್ಳುವುದು, ಇವೆಲ್ಲ ಅದಕ್ಕೆ ಒಗ್ಗಿಹೋಗಿದ್ದವು. ಮೊಣಕಾಲಿನ ಕೆಳಗೇ ಉಳಿಯುವ ಕೆಸರಿಗೆ ಇಷ್ಟು ಸಾಕು.

ಒಣ ಮರಳಿನಲ್ಲಿ ವೇಗವಾಗಿ ಓಡಬೇಕು ಅಂದರೆ ಇಷ್ಟು ಸಾಲದು. ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯವರು ತಮ್ಮ ರೈಬೋ ರೋಬೋಟಿಗೆ ಕಲಿಸುವಾಗ ಕುಸಿಯುವ ನೆಲವನ್ನೇ ಲೆಕ್ಕದಲ್ಲಿ ತಂದರು. ಪಾದದ ಕೆಳಗೆ ಮರಳು ಗುಡ್ಡೆಯಾಗಿ ತಳ್ಳಲ್ಪಡುವ ಹೆಚ್ಚುವರಿ ತಡೆ ಅದರಲ್ಲಿ ಸೇರಿತ್ತು, ಬಿಗಿ ನೆಲದಿಂದ ಸಡಿಲ ನೆಲದವರೆಗೆ ಎಲ್ಲ ಬಗೆಯೂ ಇತ್ತು. ರೋಬೋಟ್ ನಡೆಯುತ್ತಾ ಕಾಲಿನ ಅನುಭವದಿಂದಲೇ ನೆಲ ಎಂಥದ್ದು ಅಂತ ಊಹಿಸಿ ನಡಿಗೆ ಬದಲಿಸುತ್ತದೆ. 2023ರಲ್ಲಿ ಪ್ರಕಟವಾದ ಫಲಿತಾಂಶ: ಪಾದ ಪೂರ್ತಿ ಹೂಳುವ ಕಡಲ ದಂಡೆಯ ಮರಳಿನಲ್ಲಿ ಸೆಕೆಂಡಿಗೆ 3.03 ಮೀಟರ್. ಗಂಟೆಗೆ 11 ಕಿ.ಮೀ. ಹತ್ತಿರ. ಸಣ್ಣ ಪಾದದಿಂದಲೇ ಇದನ್ನು ಮಾಡಿದ್ದು ಅನ್ನುವುದನ್ನು ಗಮನಿಸಿ. ಹಗುರವಾಗಿ ಬಡಿದು ಬೇಗ ಎತ್ತುವ ದಾರಿ ಅಂದೆನಲ್ಲ, ಅದು ಇದೇ.

ಕೊಳ್ಳುವವರು ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ. ಒಂದು, ನಡಿಗೆಯ ಸಾಫ್ಟ್‌ವೇರನ್ನು ನಾವು ಬದಲಿಸಬಹುದಾ, ಅಥವಾ ಬೀಗ ಹಾಕಿದೆಯಾ? ಬೀಗ ಹಾಕಿದ್ದರೆ ಮರಳಿಗೆ ಅಂತ ಕೊಳ್ಳಬೇಡಿ. ಎರಡು, ಮೋಟಾರಿನ ಗೇರ್ ಅನುಪಾತ ಎಷ್ಟು, ಅಂದರೆ ಕೀಲು ಒಂದು ಸುತ್ತು ತಿರುಗಲು ಮೋಟಾರ್ ಎಷ್ಟು ಸುತ್ತು ತಿರುಗಬೇಕು? ಗೇರ್ ಕಡಿಮೆ ಇದ್ದರೆ ನೆಲದ ತಡೆ ಮೋಟಾರಿನ ಕರೆಂಟಿನಲ್ಲೇ ಕಾಣುತ್ತದೆ, ಬೇರೆ ಸೆನ್ಸರ್ ಬೇಡ. ಹೆಚ್ಚು ಗೇರ್ ಇರುವ ಅಗ್ಗದ ಸರ್ವೋ ಮೋಟಾರ್‌ಗಳಲ್ಲಿ ಈ ಸೂಕ್ಷ್ಮ ಸುಳಿವು ಗೇರಿನ ಘರ್ಷಣೆಯಲ್ಲೇ ಮುಳುಗಿಹೋಗುತ್ತದೆ. ಅಂಥ ರೋಬೋಟಿಗೆ ಹೂತದ್ದು ಗೊತ್ತಾಗುವುದು ಮೈ ವಾಲಿದ ಮೇಲೆಯೇ.

ಇನ್ನು ಕ್ಯಾಮೆರಾ, ಲೇಸರ್ ಕಿರಣದಿಂದ ದೂರ ಅಳೆಯುವ ಲೈಡಾರ್. ಇವು ನೆಲದ ಆಕಾರ ಹೇಳುತ್ತವೆ, ಬಲ ಹೇಳುವುದಿಲ್ಲ. ಎತ್ತರದ ಹುಲ್ಲು ಗೋಡೆಯ ಥರ ಕಾಣುತ್ತದೆ, ಹೊಸ ಹಿಮ ಗಟ್ಟಿ ನೆಲದ ಥರ ಕಾಣುತ್ತದೆ. ಇಟಿಎಚ್‌ನವರೇ 2022ರಲ್ಲಿ ಕಣ್ಣು ಹೇಳಿದ್ದನ್ನೂ ಕಾಲು ಹೇಳಿದ್ದನ್ನೂ ತೂಗಿ ನೋಡಿ, ಕಣ್ಣು ಸುಳ್ಳು ಹೇಳುವಾಗ ಕಾಲನ್ನು ನಂಬುವಂತೆ ಕಲಿಸಿದರು. ಕೆಸರಿಗೆ ಹೋಗುವವರು ಕಣ್ಣಿಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲು ಕಾಲಿಗೆ ಹಾಕಿ.

ಅಗಲ ಪಾದ, ಸೀಳು ಗೊರಸು

ಉಂಡೆ ತೆಗೆದು ತಟ್ಟೆ ಹಾಕಿದರೆ ಆಯಿತಲ್ವಾ? ಮರಳಿಗೆ ಬಹಳ ಮಟ್ಟಿಗೆ ಹೌದು. ಇಟಿಎಚ್‌ನ ಸ್ಪೇಸ್‌ಬಾಕ್ ರೋಬೋಟಿಗೆ ಮೊನೆ ಪಾದ, ನೆಲಕ್ಕೆ ತಕ್ಕಂತೆ ತಾನೇ ವಾಲುವ ಚಪ್ಪಟೆ ಪಾದ ಎರಡನ್ನೂ ಹಾಕಿ, ಮಂಗಳದ ಮಣ್ಣನ್ನು ಹೋಲುವ ಪುಡಿಯ 25 ಡಿಗ್ರಿವರೆಗಿನ ಇಳಿಜಾರಿನಲ್ಲಿ ನಡೆಸಿದ್ದಾರೆ. ಚಪ್ಪಟೆ ಪಾದ ಕಡಿಮೆ ಹೂಳುತ್ತದೆ. ಆದರೆ ಕಾಲ ತುದಿಗೆ ತೂಕ ಸೇರಿಸಿದರೆ ಪ್ರತಿ ಹೆಜ್ಜೆಗೂ ಆ ತೂಕವನ್ನು ಬೀಸಬೇಕು. ಕಲ್ಲಿನ ಅಂಚಿಗೆ ಸಿಕ್ಕಿಕೊಳ್ಳುವುದು, ಮೆಟ್ಟಿಲಿನಲ್ಲಿ ಎಡವುವುದು ಜಾಸ್ತಿ. ಪಾದ ಗಟ್ಟಿಯಾಗಿ ಜೋಡಿಸಿದ್ದರೆ ಇಳಿಜಾರಿನಲ್ಲಿ ಅಂಚು ಮಾತ್ರ ತಾಗುತ್ತದೆ, ಅಗಲ ಇದ್ದೂ ಉಪಯೋಗ ಇಲ್ಲ. ಹಾಗಾಗಿ ಕೀಲಿರುವ ಪಾದವನ್ನೇ ಹಾಕಿ.

ಕೆಸರಿನಲ್ಲಿ ಚಪ್ಪಟೆ ತಟ್ಟೆ ಹಾಕಬೇಡಿ. ಇಳಿಯುವುದು ಕಡಿಮೆ, ನಿಜ, ಆದರೆ ಎತ್ತುವಾಗ ಅದೇ ಅಗಲ ಹೀರಿ ಹಿಡಿಯುತ್ತದೆ. ಇಲ್ಲಿ ಉತ್ತರ ಬಂದದ್ದು ಪ್ರಾಣಿಗಳಿಂದ. ಎಸ್ಟೋನಿಯಾದ ಟ್ಯಾಲಿನ್ ತಾಂತ್ರಿಕ ವಿಶ್ವವಿದ್ಯಾಲಯದವರು ಜವುಗು ನೆಲದಲ್ಲಿ ಸಲೀಸಾಗಿ ನಡೆಯುವ ಮೂಸ್ ಕಡವೆಯ ಗೊರಸು ನೋಡಿ ರೋಬೋಟಿಗೆ ಸೀಳು ಪಾದ ಮಾಡಿದರು, 2024ರಲ್ಲಿ ಪ್ರಕಟವಾಯಿತು. ಒತ್ತಿದಾಗ ಗೊರಸಿನ ಎರಡು ಹೋಳು ಅಗಲವಾಗಿ ಹರಡುತ್ತವೆ. ಎತ್ತುವಾಗ ಕೂಡಿಕೊಂಡು ಕಿರಿದಾಗುತ್ತವೆ, ಸೀಳಿನಿಂದ ಗಾಳಿ ಕೆಳಗೆ ನುಗ್ಗಿ ಹಿಡಿತ ಬಿಡುತ್ತದೆ. ಹೂಳುವ ಆಳವೂ ಹೀರುವ ಬಲವೂ ಹತ್ತಿರಹತ್ತಿರ ಅರ್ಧಕ್ಕೆ ಇಳಿದವು. ಮೋಟಾರ್ ಇಲ್ಲ, ಸಾಫ್ಟ್‌ವೇರ್ ಇಲ್ಲ, ಬರೀ ಪಾದ. ದಕ್ಷಿಣ ಕನ್ನಡ, ಉಡುಪಿಯ ಕಂಬಳದ ಕರೆಯಲ್ಲಿ, ಅಂದರೆ ಕೆಸರಿನ ಓಟದ ಹಾದಿಯಲ್ಲಿ, ಓಡುವ ಕೋಣಗಳದ್ದೂ ಸೀಳು ಗೊರಸೇ. ಕರಾವಳಿಯ ಯಾವುದಾದರೂ ಎಂಜಿನಿಯರಿಂಗ್ ಕಾಲೇಜು ಆ ಗೊರಸನ್ನು ಅಳೆದು ಪಾದ ಮಾಡಿದರೆ ಎಷ್ಟು ಚೆನ್ನ ಅನ್ನುವ ಆಸೆ ನನಗಿದೆ. ನಮ್ಮ ಗದ್ದೆಯ ಕೆಸರಿಗೆ ನಮ್ಮ ಪ್ರಾಣಿಯ ಪಾದವೇ ಹೆಚ್ಚು ಹೊಂದಬಹುದು.

ಬಾಲ, ಈಜುಗಾಲು, ಹಾವು

ಇವು ಕೊಳ್ಳಲು ಸಿಗುವುದಿಲ್ಲ, ಕಟ್ಟುವವರಿಗೆ ಮಾತ್ರ. ಕೆಸರಿನ ಮೇಲೆ ತೆವಳುವ ಮಡ್‌ಸ್ಕಿಪ್ಪರ್ ಮೀನನ್ನು ನೋಡಿ ಮಾಡಿದ ಮಡ್ಡಿಬಾಟ್ 2016ರಲ್ಲಿ ತೋರಿಸಿದ್ದು: ಸಪಾಟು ಮರಳಿನಲ್ಲಿ ಬಾಲದಿಂದ ಹೆಚ್ಚೇನೂ ಲಾಭವಿಲ್ಲ, ಏರು ಕಡಿದಾದಂತೆ ಬಾಲದ ಒಂದು ತಳ್ಳು ಜಾರುವುದನ್ನು ತಪ್ಪಿಸುತ್ತದೆ. ಕಡಲಾಮೆ ಮರಿಗಳನ್ನು ನೋಡಿ ಮಾಡಿದ ಫ್ಲಿಪ್ಪರ್‌ಬಾಟ್ ಹೇಳಿದ್ದು: ಮಣಿಕಟ್ಟು ಬಾಗುವಂತಿದ್ದರೆ ಮರಳು ಕಡಿಮೆ ಕದಡುತ್ತದೆ, ಹೆಜ್ಜೆ ಉದ್ದವಾಗುತ್ತದೆ. ಕದಡಿದ ಜಾಗಕ್ಕೆ ಮತ್ತೆ ಕಾಲಿಟ್ಟರೆ ಕೆಟ್ಟಿತು, ಸ್ಯಾಂಡ್‌ಬಾಟ್ ಕಲಿಸಿದ ಪಾಠವೇ ಇಲ್ಲೂ. ಹಾವಿನ ಥರ ಪಕ್ಕಕ್ಕೆ ಸರಿಯುವ ರೋಬೋಟನ್ನು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಮಾಡಿದರು. ಸೈಡ್‌ವೈಂಡರ್ ಹಾವಿನ ಚಲನೆ ನೋಡಿ, ಏರು ಹೆಚ್ಚಿದಂತೆ ನೆಲಕ್ಕೆ ತಾಗುವ ಮೈಯ ಉದ್ದ ಹೆಚ್ಚಿಸಿದ ಮೇಲೆ ಅದು ಮರಳು ದಿಬ್ಬ ಹತ್ತಿತು. ಭಾರ ಹೊರುವ ಕೆಲಸಕ್ಕೆ ಇವು ಯಾವುವೂ ಬೇಡ.

ಎರಡು ಕಾಲಿನ ಮನುಷ್ಯಾಕಾರದ ರೋಬೋಟ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಸಡಿಲ ನೆಲಕ್ಕೆ ಸದ್ಯಕ್ಕೆ ಬೇಡ. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಬೀಳುತ್ತದೆ, ಆ ಪಾದ ಒಂದು ಕಡೆಗೆ ಸ್ವಲ್ಪ ಹೆಚ್ಚು ಇಳಿದರೂ ಮೈ ವಾಲುತ್ತದೆ. ಹಾಗಂತ ಕಾಲು ಜಾಸ್ತಿ ಇದ್ದರೆ ಬೀಳುವುದೇ ಇಲ್ಲ ಅಂತಲೂ ಅಲ್ಲ. 1994ರಲ್ಲಿ ಅಲಾಸ್ಕಾದ ಸ್ಪರ್ ಜ್ವಾಲಾಮುಖಿಯ ಬಾಯಿಗೆ ಇಳಿದ ಡಾಂಟೆ 2ಕ್ಕೆ ಎಂಟು ಕಾಲಿದ್ದವು. ಮೇಲೆ ಹತ್ತಿ ಬರುವಾಗ ಕಡಿದಾದ ಇಳಿಜಾರಿನಲ್ಲಿ ಮಗುಚಿಬಿತ್ತು, ಹೆಲಿಕಾಪ್ಟರ್ ತರಿಸಿ ಎತ್ತಬೇಕಾಯಿತು.

ಹಾಗಾದರೆ ನಿಮಗೆ ಯಾವುದು?

ಒಣ ಮರಳು, ಸಣ್ಣ ಬಜೆಟ್, ವಿದ್ಯಾರ್ಥಿಗಳ ತಂಡ: ಸಿ ಕಾಲಿನ ಆರು ಕಾಲಿನದು. ಕಣ್ಣು ಮುಚ್ಚಿ ಹೇಳುತ್ತೇನೆ. ಒಡೆದರೆ ಕಾಲು ಬದಲಿಸುವುದೂ ಸುಲಭ.

ಕಡಲ ದಂಡೆಯ ಸಮೀಕ್ಷೆ, ಮೇಲೆ ಕ್ಯಾಮೆರಾ ಇಡಬೇಕು, ಒದ್ದೆ ಮರಳು ಒಣ ಮರಳು ಎರಡರಲ್ಲೂ ಓಡಾಡಬೇಕು: ನಾಲ್ಕು ಕಾಲಿನದು, ಕೀಲಿರುವ ಅಗಲ ಪಾದ, ಬದಲಿಸಬಹುದಾದ ಸಾಫ್ಟ್‌ವೇರ್. ಉಪ್ಪು ನೀರಿಗೆ ಪೂರ್ತಿ ಮುಚ್ಚಿದ ಕೀಲು ಬೇಕೇ ಬೇಕು. ಮರಳಿನ ಒಂದು ಕಾಳು ಬೇರಿಂಗ್ ಒಳಗೆ ಹೋದರೆ ನಡಿಗೆಯ ಜಾಣತನ ಎಷ್ಟಿದ್ದರೂ ಉಪಯೋಗವಿಲ್ಲ. ಮಂಡಿಗೆ ಬಟ್ಟೆ ಅಥವಾ ರಬ್ಬರ್ ಚೀಲ ತೊಡಿಸಿ.

ಭತ್ತದ ಗದ್ದೆ: ಉಳುವ ಕೆಲಸಕ್ಕೆ ಕಾಲು ಬೇಡ, ಕೇಜ್ ವೀಲ್ ಇದೆ, ಅದು ಚೆನ್ನಾಗಿದೆ. ಪೈರು ಮೇಲೆ ಬಂದಮೇಲೆ ಸಾಲಿನ ನಡುವೆ ಸಸಿ ತುಳಿಯದೆ ಓಡಾಡಿ ನೋಡಿಕೊಂಡು ಬರಲು ಹಗುರವಾದ ನಾಲ್ಕು ಕಾಲಿನದು, ಸೀಳು ಪಾದದ ಜೊತೆ. ಕೆಸರಿನ ಕೆಳಗಿನ ಗಟ್ಟಿ ಪದರ ಎಷ್ಟು ಆಳದಲ್ಲಿದೆ ಅಂತ ಮೊದಲು ಕೋಲು ಚುಚ್ಚಿ ನೋಡಿ. ಆ ಆಳ ರೋಬೋಟಿನ ಕಾಲಿನ ಅರ್ಧಕ್ಕಿಂತ ಹೆಚ್ಚಿದ್ದರೆ ಇಳಿಸಲೇಬೇಡಿ, ಹೊಟ್ಟೆ ಕೆಸರಿಗೆ ತಾಗುತ್ತದೆ.

ಸಡಿಲ ಮಣ್ಣಿನ ಕಡಿದಾದ ಏರು, ಭಾರವೂ ಇದೆ: ಕಾಲಿನ ಹಾಗೆ ಎತ್ತಬಲ್ಲ ಚಕ್ರ. ಜಾರ್ಜಿಯಾ ಟೆಕ್‌ನವರ ಮಿನಿ ರೋವರ್ 2020ರಲ್ಲಿ ಗಸಗಸೆಯ ದಿಬ್ಬವನ್ನು ಹಿಂದಿನ ಚಕ್ರಗಳಿಂದ ತುಳಿಯುತ್ತಾ, ಮುಂದಿನವುಗಳಿಂದ ಕೆದಕುತ್ತಾ ಹತ್ತಿತು. ತನ್ನ ಮುಂದಿನ ಇಳಿಜಾರನ್ನು ತಾನೇ ಕಡಿಮೆ ಮಾಡಿಕೊಂಡು ಹೋಗುವ ವಿಧಾನ.

ದುಡ್ಡು ಕೊಡುವ ಮೊದಲು

ಕಾಲನ್ನು ನಡೆಯಲು ಮಾತ್ರವಲ್ಲ, ನೆಲ ಅಳೆಯಲೂ ಬಳಸಬಹುದು. ನಾಸಾದ ಲ್ಯಾಸಿ ಯೋಜನೆಯಲ್ಲಿ ಫೇಫೇ ಚಿಯೆನ್ ಅವರ ತಂಡ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಮರಳಿನಲ್ಲೂ ಒರೆಗಾನ್‌ನ ಮೌಂಟ್ ಹುಡ್‌ನಲ್ಲೂ ಇದನ್ನೇ ಮಾಡುತ್ತಿದೆ. ರೋಬೋಟ್ ಇಡುವ ಪ್ರತಿ ಹೆಜ್ಜೆಯಲ್ಲೂ ಕಾಲಿನ ಬಲ ನೋಡಿ ಆ ಜಾಗದ ಮಣ್ಣು ಎಷ್ಟು ಗಟ್ಟಿ ಅಂತ ತಿಳಿಯುತ್ತಾರೆ.

ನಿಮಗೆ ಅಷ್ಟು ಬೇಡ. ಆರಿಸಿಕೊಂಡ ಪಾದದ ಅಳತೆಯ ಒಂದು ಮರದ ತುಂಡು ಮಾಡಿಸಿ, ಅದರ ಮೇಲೆ ನಿಮ್ಮ ರೋಬೋಟಿನ ಅರ್ಧ ತೂಕ ಇಡಿ, ನೀವು ಕೆಲಸ ಮಾಡುವ ಜಾಗದಲ್ಲೇ ಎಷ್ಟು ಇಳಿಯುತ್ತದೆ ಅಳೆಯಿರಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಮಳೆಯಾದ ಮರುದಿನ ಒಮ್ಮೆ. ಆಮೇಲೆ ಅದಕ್ಕೊಂದು ಸ್ಪ್ರಿಂಗ್ ತಕ್ಕಡಿ ಕಟ್ಟಿ ಮೇಲಕ್ಕೆ ಎಳೆಯಿರಿ, ಹೊರಗೆ ತರಲು ಎಷ್ಟು ಬಲ ಬೇಕು ನೋಡಿ. ಇಳಿಯುವುದು ಜಾಸ್ತಿ, ಎಳೆಯುವುದು ಸುಲಭ ಅಂದರೆ ನಿಮ್ಮದು ಮರಳಿನ ಸಮಸ್ಯೆ. ಎಳೆಯುವ ಬಲ ಇಟ್ಟ ತೂಕದ ಹತ್ತಿರ ಬಂದರೆ ಕೆಸರಿನ ಸಮಸ್ಯೆ, ಪಾದ ಸೀಳಿರಲೇಬೇಕು. ತೂಕ ಇಟ್ಟು ಸ್ವಲ್ಪ ಹೊತ್ತು ಏನೂ ಆಗದೆ ಒಮ್ಮೆಲೇ ದಡಕ್ಕನೆ ಇಳಿದರೆ ಅದು ಪದರದ ನೆಲ, ಅಲ್ಲಿಗೆ ತೂಕ ಆದಷ್ಟು ಕಡಿಮೆ ಇರುವ ರೋಬೋಟನ್ನೇ ಆರಿಸಿ. ಮನೆಯೊಳಗೆ ನಡಿಗೆ ಹೊಂದಿಸಲು ಗಸಗಸೆ ದುಬಾರಿ, ಅದರ ಬದಲು ರಾಗಿ ತನ್ನಿ. ಕಾಳು ದುಂಡಗೆ, ಸಣ್ಣ, ಮೋಟಾರಿಗೆ ಮರಳಿನಷ್ಟು ಕೆಟ್ಟದ್ದಲ್ಲ. ಪ್ರತಿ ಓಟದ ನಂತರ ರಾಗಿಯನ್ನು ಪೂರ್ತಿ ಕೆದಕಿ, ಮತ್ತೆ ಒಂದೇ ಸಮನೆ ಹರಡಿ. ಹಿಂದಿನ ಹೆಜ್ಜೆಗುರುತು ಉಳಿದಿದ್ದರೆ ಮುಂದಿನ ಅಳತೆ ಸುಳ್ಳಾಗುತ್ತದೆ.